ಕಮಲಾಪುರದ ಕಡಲಹೂವು

ಕಮಲಾಪುರ ರಸ್ತೆಯ ಬದಿಗೆ ಹೂಗಿಡ ನೆಡಿಸುವ ಕೆಲಸ ನನ್ನದು. ಕಾಗದದಲ್ಲಿದ್ದದ್ದು ಅಡುಂಬು ಬಳ್ಳಿ. ಸಮುದ್ರದಂಡೆಯ ಉಸುಕಿನಲ್ಲಿ ಹಬ್ಬುವ ಆ ಕಾಡುಹೂವಿಗೆ ನಮ್ಮ ಕರಿಮಣ್ಣಲ್ಲೇನು ಕೆಲಸ? ಅಲ್ಲಿ ಆಗಲೇ ತಂಗಡಿ ತಾನಾಗಿ ಬೆಳೆದು ಹಳದಿ ಹೂ ಬಿಟ್ಟು ನಿಂತಿತ್ತು.

ಕೂಲಿಗೆ ಬಂದಿದ್ದ ಶಾಂತಮ್ಮ ಅದನ್ನು ಕೀಳಲು ಒಪ್ಪಲಿಲ್ಲ. "ಇದು ನೀರು ಕೇಳಂಗಿಲ್ಲ, ಇದನ್ನ ಆಡು ತಿನ್ನಂಗಿಲ್ಲ. ಸುಮ್ನಿದ್ದ ಗಿಡಕ್ಕ ಯಾಕ ಕೈ ಹಚ್ತೀರಿ, ಸಾಹೇಬ್ರ?"

ಕಲಬುರಗಿಗೆ ಹೋಗಿ ಇಂಜಿನಿಯರರಿಗೆ ಅದನ್ನೇ ಕೇಳಿದೆ.

"ಎಸ್ಟಿಮೇಟ್‌ನ್ಯಾಗ ತಂಗಡಿ ಇಲ್ರೀ. ಕಿತ್ತು ಒಗೀರಿ."

ನನ್ನ ಪಿತ್ತ ನೆತ್ತಿಗೇರಿತು. "ಸರ್, ಇದು ಕರಾವಳಿ ಎಸ್ಟಿಮೇಟಿನ ನಕಲು! 'ಅಲೆಗಳಿಗೆ ಮಣ್ಣು ಕೊಚ್ಚಿಹೋಗದಂತೆ' ಅಂತ ಬರದಾರ, ನೋಡ್ರಿ."

ಅವರು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದರು. "ಮಂಜೂರಾಗಿ ಬಂದದಲ್ರೀ. ಈಗೇನ್ ಮಾಡ್ಲಿಕ್ಕ ಬರ್ತದ?"

ನೆಟ್ಟೆವು. ಬೇಸಿಗೆಗೆ ಬಳ್ಳಿಯೆಲ್ಲ ಸುಟ್ಟುಹೋಯಿತು. ಶಾಂತಮ್ಮ ಬೇರು ಉಳಿಸಿ ಕೊಯ್ದಿದ್ದ ತಂಗಡಿ ಮತ್ತೆ ಚಿಗುರಿ ಹೂ ಬಿಟ್ಟಿತು. ತಪಾಸಣೆಗೆ ಬಂದ ದೊಡ್ಡ ಸಾಹೇಬರು ಅದರ ಮುಂದೆ ಫೋಟೊ ತೆಗೆಸಿಕೊಂಡು, ಅಡುಂಬು ಬಳ್ಳಿ ಸೊಂಪಾಗಿ ಹಬ್ಬಿದೆ ಎಂದು ವರದಿ ಬರೆದರು. ಅಲೆಗಳಿಗೆ ಹಿಡಿ ಮಣ್ಣೂ ಕೊಚ್ಚಿಹೋಗಿಲ್ಲವೆಂದೂ ಸೇರಿಸಿದರು.

ಆ ವರದಿಯಲ್ಲಿ ಅದೊಂದು ಮಾತು ಮಾತ್ರ ನಿಜ.