ಮಂಚದ ಕೆಳಗಿನ ಸಂದು

ಪೀಠೋಪಕರಣದ ಅಂಗಡಿಯ ಎರಡನೇ ಮಹಡಿಯಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಸೊಂಟದ ಬೆಲ್ಟಿಗೆ ಸದಾ ಅಳತೆ ಟೇಪು ಸಿಕ್ಕಿಸಿಕೊಂಡು ಓಡಾಡುತ್ತಿದ್ದುದರಿಂದ ಟೇಪಣ್ಣ ಅಂತಲೇ ಹೆಸರು ನಿಂತುಬಿಟ್ಟಿತ್ತು. ಇಪ್ಪತ್ತೆರಡು ವರ್ಷದ ಸರ್ವೀಸು. ಮನೆಯಲ್ಲೇ ಕೂತು ಆಫೀಸು ಮಾಡುವ ಕಾಲ ಬಂದ ಮೇಲೆ, ಚಕ್ರದ ಮೇಲೆ ಓಡಾಡುವ, ಎತ್ತರ ತಗ್ಗು ಮಾಡಬಹುದಾದ ಲ್ಯಾಪ್‌ಟಾಪ್ ಟೇಬಲ್ಲುಗಳ ವಿಭಾಗ ಪೂರ್ತಿ ಅವನ ಕೈಗೆ ಬಂದಿತ್ತು. ಗಿರಾಕಿ ಬಂದು "ಒಂದು ಟೇಬಲ್ ಕೊಡಿ" ಅಂದರೆ ಟೇಪಣ್ಣ ಕೊಡುತ್ತಿರಲಿಲ್ಲ. ಮೊದಲು ಮೂರು ಪ್ರಶ್ನೆ ಕೇಳುತ್ತಿದ್ದ.

"ಎಲ್ಲಿ ಕೂತು ಕೆಲಸ ಮಾಡ್ತೀರಿ, ಮಂಚಾನೋ ಸೋಫಾನೋ? ಅದರ ಕೆಳಗೆ ಎಷ್ಟು ಸಂದಿದೆ? ಟೇಬಲ್ ತಳ್ಳೋರು ಯಾರು?"

ಎರಡನೇ ಪ್ರಶ್ನೆಗೆ ಎಲ್ಲರೂ ತಬ್ಬಿಬ್ಬು. ತಮ್ಮ ಮಂಚದ ಕೆಳಗೆ ಯಾರು ತಾನೇ ಬಗ್ಗಿ ನೋಡಿರುತ್ತಾರೆ? ಆದರೆ ಈ ಟೇಬಲ್ಲಿನ ಮರ್ಮವೆಲ್ಲ ಅಲ್ಲೇ ಇರುವುದು. ಮೇಲಿನ ಹಲಗೆ ನಮ್ಮ ತೊಡೆಯ ಮೇಲೆ ಬರಬೇಕಾದರೆ ಕೆಳಗಿನ ಚಕ್ರದ ಪಾದ ಮಂಚದಡಿ ನುಗ್ಗಬೇಕು. ನುಗ್ಗದಿದ್ದರೆ ಟೇಬಲ್ಲು ಕರೆಯದೆ ಬಂದ ನೆಂಟನ ಹಾಗೆ ಪಕ್ಕದಲ್ಲಿ ನಿಂತಿರುತ್ತದೆ, ಅಷ್ಟೆ. "ಮನೆಗೆ ಹೋಗಿ ಅಳ್ಕೊಂಡು ಬನ್ನಿ" ಅಂತ ಎಷ್ಟೋ ಜನರನ್ನು ಅವನು ಬರಿಗೈಲಿ ಕಳಿಸಿದ್ದುಂಟು. ಮ್ಯಾನೇಜರು ಹಲ್ಲು ಕಡಿಯುತ್ತಿದ್ದರು. ಆದರೆ ಟೇಪಣ್ಣ ಮಾರಿದ ಒಂದು ಟೇಬಲ್ಲೂ ಈವರೆಗೆ ಹಿಂದಕ್ಕೆ ಬಂದಿರಲಿಲ್ಲವಾದ್ದರಿಂದ ಬಾಯಿ ಮುಚ್ಚಿಕೊಂಡಿದ್ದರು.

ಇಂಥವನಿಗೆ ಒಂದು ಗುರುವಾರ ಮಧ್ಯಾಹ್ನ ಅಕ್ಕನ ಫೋನು ಬಂತು.

ಅಕ್ಕ ಅವನಿಗಿಂತ ಹತ್ತು ವರ್ಷ ದೊಡ್ಡವಳು. ಇಬ್ಬರಿಗೂ ಮದುವೆಯಿಲ್ಲ, ಒಬ್ಬರಿಗೆ ಇನ್ನೊಬ್ಬರನ್ನು ಬಿಟ್ಟರೆ ಹಿಂದೆ ಮುಂದೆ ಯಾರೂ ಇಲ್ಲ. ತಾಯಿ ಹೋದ ಮೇಲೆ ಅವನ ಶರ್ಟಿಗೆ ಗುಂಡಿ ಹಚ್ಚಿ, ಮಗ್ಗಿ ಬಾಯಿಪಾಠ ಮಾಡಿಸಿ ಮನುಷ್ಯನನ್ನಾಗಿ ಮಾಡಿದವಳು ಅವಳೇ. ಪಠ್ಯಪುಸ್ತಕ ಅಚ್ಚು ಹಾಕುವ ಕಂಪನಿಯಲ್ಲಿ ಕರಡು ತಿದ್ದುವ ಕೆಲಸ. ಅಲ್ಪವಿರಾಮ ತಪ್ಪಿದರೂ ಬಿಡುವವಳಲ್ಲ. ಏಳು ತಿಂಗಳ ಹಿಂದೆ ಆಫೀಸಿನ ಮೆಟ್ಟಿಲಲ್ಲಿ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದಳು.

"ಸೋಮವಾರದಿಂದ ಮನೆಯಿಂದಲೇ ಮಾಡಿ ಅಂದಿದಾರೆ ಕಣೋ. ಇದೂ ಆಗಲ್ಲ ಅಂದ್ರೆ ಬೇರೆಯವರನ್ನ ತಗೊಂಡುಬಿಡ್ತಾರೆ. ಲ್ಯಾಪ್‌ಟಾಪ್ ಹೊಟ್ಟೆ ಮೇಲಿಟ್ಕೊಂಡ್ರೆ ಕತ್ತು ಹಿಡ್ಕೊಳ್ಳುತ್ತೆ. ನಿಮ್ಮಂಗಡೀಲಿ ಚಕ್ರದ್ದು ಸಿಗುತ್ತಲ್ಲ, ನೀನೇ ಒಂದು ಆರಿಸಿ ತಂದುಕೊಡು. ನನ್ನ ರೂಮು ನಿನಗೇನು ಹೊಸದಾ?"

ಮೂರು ಪ್ರಶ್ನೆಯೂ ನಾಲಿಗೆ ತುದಿಗೆ ಬಂದವು. ಟೇಪಣ್ಣ ಮೂರನ್ನೂ ನುಂಗಿಕೊಂಡ. ಯಾಕೆಂದರೆ ಆಸ್ಪತ್ರೆಯಿಂದ ಅಕ್ಕ ಮನೆಗೆ ಹೋದ ಮೇಲೆ ಅವನು ಒಂದು ಸಲವೂ ಆ ಬಾಗಿಲು ಬಡಿದಿರಲಿಲ್ಲ. ಮೊದಲ ವಾರ ಅಂಗಡಿಯಲ್ಲಿ ರಿಯಾಯಿತಿ ಮಾರಾಟದ ಗಲಾಟೆ ಇತ್ತು, ಅದು ನಿಜ. ಎರಡನೇ ವಾರ ನೆಗಡಿ ಅಂದ, ಅದು ಅರ್ಧ ನಿಜ. ಆಮೇಲಿನದೆಲ್ಲ ಬರೀ ಬೊಗಳೆ. ಫೋನಿನಲ್ಲಿ ಮಾತ್ರ ವಾರಕ್ಕೊಮ್ಮೆ ತಪ್ಪದೆ ಮಾತಾಡುತ್ತಿದ್ದ. ಮಾತು ಅಂದರೆ ಅಕ್ಕ ಹೇಳುವುದು, ಇವನು ಬಿಲ್ಲು ಬರೆಯುತ್ತ ಹೂಂಗುಟ್ಟುವುದು. ಒಂದು ವಾರ ಹೋಗದಿದ್ದರೆ ನೆಪ ಹೇಳಿದರೆ ಸಾಕು. ಏಳು ತಿಂಗಳು ಹೋಗದಿದ್ದರೆ ಹೋಗುವುದಕ್ಕೆ ಮುಖ ಬೇಕು. ಆ ಮುಖ ಅವನಲ್ಲಿರಲಿಲ್ಲ.

ಈಗ "ಅಕ್ಕ, ನಿನ್ನ ಮಂಚದ ಕೆಳಗೆ ಎಷ್ಟು ಸಂದಿದೆ" ಅಂತ ಕೇಳಿದರೆ ತಾನು ಬಂದೇ ಇಲ್ಲವೆಂದು ತನ್ನ ಬಾಯಿಂದಲೇ ಒಪ್ಪಿಕೊಂಡ ಹಾಗೆ. ಅವಳಿಗೆ ಅದು ಗೊತ್ತಿಲ್ಲದ್ದೇನಲ್ಲ, ಆದರೂ. "ನನಗೆ ಬಿಡಕ್ಕ, ನಾನಿಲ್ವಾ?" ಅಂದ.

ಆ ಸಂಜೆ ಗಿರಾಕಿಗಳು ಕರಗಿದ ಮೇಲೆ ಅವನು ಟೇಬಲ್ಲು ಆರಿಸಿದ ಚಂದ ನೋಡಬೇಕಿತ್ತು. ತೆಳು ಪಾದದ ಅಗ್ಗದ್ದನ್ನು ಮುಟ್ಟಿಯೂ ನೋಡಲಿಲ್ಲ. ಅದು ಮೊಣಕೈ ಊರಿದರೆ ಅಲ್ಲಾಡುತ್ತದೆ. ಹಿಡಿಕೆ ತಿರುಗಿಸಿ ಏರಿಸುವುದು ಬೇಡ, ಅಕ್ಕನ ಕೈಗೆ ಶ್ರಮ. ಕೊನೆಗೆ ಒಂದೇ ಬೆರಳಲ್ಲಿ ಏರುವ ಇಳಿಯುವ, ಹಲಗೆ ಓರೆಯಾದರೂ ಲ್ಯಾಪ್‌ಟಾಪ್ ಜಾರದಂತೆ ಅಂಚುಪಟ್ಟಿ ಇರುವ, ನೀರಿನ ಲೋಟಕ್ಕೆ ಪಕ್ಕದಲ್ಲಿ ಬೇರೆ ಹಲಗೆ ಇರುವ, ನಾಲ್ಕು ಚಕ್ರಕ್ಕೂ ಬೀಗ ಬೀಳುವ ಒಂದನ್ನು ಹಿಡಿದ. ಪಾದ ಭಾರವಾಗಿತ್ತು, ದಪ್ಪವಾಗಿತ್ತು, ನಾಲ್ಕು ಬೆರಳಿಗಿಂತ ಹೆಚ್ಚೇ. ಆದರೇನು? ಅಕ್ಕನ ಮಂಚ ಅಪ್ಪನ ಕಾಲದ ಮರದ ಮಂಚ. ಕೆಳಗೆ ಟ್ರಂಕಿನ ಮೇಲೆ ಟ್ರಂಕು ಇಟ್ಟರೂ ಜಾಗ ಉಳಿಯುತ್ತಿತ್ತು. ಸಂದಿನ ಲೆಕ್ಕವೇ ಬೇಡ ಅಂತ ಸಮಾಧಾನ ಮಾಡಿಕೊಂಡ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿದ್ದಿತ್ತಂತೆ, ಹಾಗಾಯಿತು ಇವನ ಕತೆ.

ಶನಿವಾರ ಮಧ್ಯಾಹ್ನ ಅಂಗಡಿಯ ಬೂದು ಶರ್ಟಿನಲ್ಲೇ ಡಬ್ಬ ಹೊತ್ತು ಮೂರು ಮಹಡಿ ಹತ್ತಿದ. ಬಾಗಿಲು ಚಿಲಕ ಹಾಕದೆ ಬರೀ ಮುಂದೆ ಮಾಡಿತ್ತು. ರೂಮಿನಲ್ಲಿ ಔಷಧಿಯ ವಾಸನೆ, ಕಿಟಕಿಯ ಕಟ್ಟೆಯ ಮೇಲೆ ಕೆಂಪು ಪೆನ್ನುಗಳು. ಅಕ್ಕ ತೆಳ್ಳಗಾಗಿದ್ದಳು. ಕೂದಲು ಗಿಡ್ಡ ಮಾಡಿಸಿಕೊಂಡಿದ್ದಳು. ಅದೂ ಅವನಿಗೆ ಗೊತ್ತಿರಲಿಲ್ಲ.

"ಬಾರೋ," ಅಂದಳು, ನಿನ್ನೆ ತಾನೇ ಬಂದು ಹೋದವನಿಗೆ ಹೇಳುವ ಹಾಗೆ.

ಅವಳ ಮುಖ ನೋಡುವ ಕಷ್ಟ ತಪ್ಪಲಿ ಅಂತ ಟೇಪಣ್ಣ ತಕ್ಷಣ ಕೆಲಸಕ್ಕೆ ಬಿದ್ದ. ಡಬ್ಬ ಬಿಚ್ಚಿದ, ಸ್ಕ್ರೂ ಬಿಗಿದ, ಬಾಯಿಗೆ ಬಿಡುವು ಕೊಡದೆ ಹೊಗಳಿದ. "ಇಡೀ ಅಂಗಡೀಲಿ ಇದಕ್ಕಿಂತ ಒಳ್ಳೇದಿಲ್ಲ ಅಕ್ಕ. ನಾನೇ ಕೈಯಾರೆ ಆರಿಸಿದ್ದು." ಆಮೇಲೆ ಟೇಬಲ್ಲನ್ನು ಮಂಚದ ಕಡೆ ತಳ್ಳಿದ. ಟಕ್ ಅಂತ ನಿಂತಿತು. ಚಾದರ ಸಿಕ್ಕಿಕೊಂಡಿರಬೇಕು ಅಂತ ಚಾದರ ಸರಿಸಿ ಮತ್ತೆ ತಳ್ಳಿದ. ಟಕ್. ಬಗ್ಗಿ ನೋಡಿದ.

ಮಂಚಕ್ಕೆ ಕಾಲೇ ಇರಲಿಲ್ಲ. ಅಂದರೆ, ಇತ್ತು, ಒಂದು ಗೇಣಿಗೂ ಕಡಿಮೆ ಉಳಿದಿತ್ತು. ಗರಗಸದಲ್ಲಿ ಕೊಯ್ದ ಅಂಚಿನ ಬಿಳಿ ಗುರುತು ಇನ್ನೂ ಹಸಿಯಾಗಿ ಕಾಣುತ್ತಿತ್ತು. ಮಂಚದ ಪಕ್ಕದ ಹಲಗೆ ಕೆಳಗಿಳಿದು, ನೆಲಕ್ಕೂ ಅದಕ್ಕೂ ನಡುವೆ ಎರಡು ಬೆರಳು ಸಂದು.

"ಥತ್, ಗೋದಾಮಿನವರು ಬೇರೆ ಪೀಸ್ ಹಾಕಿ ಕಳ್ಸಿಬಿಟ್ಟಿದಾರೆ," ಅಂದುಬಿಟ್ಟ. ಯೋಚಿಸಿ ಹೇಳಿದ್ದಲ್ಲ. ಇಪ್ಪತ್ತೆರಡು ವರ್ಷ ಅಂಗಡಿಯಲ್ಲಿ ನಿಂತ ಬಾಯಿಗೆ ತಪ್ಪನ್ನು ಗೋದಾಮಿಗೆ ಕಳಿಸುವುದು ರೂಢಿ.

ಅಕ್ಕ ಕನ್ನಡಕದ ಮೇಲಿಂದ ನೋಡಿದಳು. "ಕೈಯಾರೆ ಆರಿಸಿದ್ದು ಅಂದೆಯಲ್ಲೋ ಈಗ?"

ಅವನು ಖಾಲಿ ಡಬ್ಬವನ್ನು ಮಡಚತೊಡಗಿದ.

"ಇಳಿಯೋವಾಗ ಕಾಲು ನೆಲಕ್ಕೆ ಎಟುಕ್ತಾ ಇರಲಿಲ್ಲ. ಅದಕ್ಕೆ ಬಡಗಿ ಕರೆಸಿ ಮಂಚದ ಕಾಲು ಕುಯ್ಸಿದೆ. ಫೋನಲ್ಲಿ ನಿನಗೆ ಹೇಳಿದ್ದೆ. 'ಒಳ್ಳೇದಾಯ್ತು ಬಿಡಕ್ಕ' ಅಂದೆ ನೀನು."

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು ಅವನಿಗೆ. ಕಂಡು ಕೇಳರಿಯದ ಗಿರಾಕಿಗಳ ಮಂಚದ ಅಳತೆಯೆಲ್ಲ ಅವನ ತಲೆಯಲ್ಲಿತ್ತು. ಸ್ವಂತ ಅಕ್ಕ ಮಂಚದ ಕಾಲು ಕೊಯ್ಯಿಸಿಕೊಂಡದ್ದು ಕಿವಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ. ನೆಲದ ಮೇಲೆ ಕೂತಲ್ಲಿಂದಲೇ, ಮುಳುಗುವವನು ಹುಲ್ಲುಕಡ್ಡಿ ಹಿಡಿದ ಹಾಗೆ, ಒಂದು ಮಾತು ಕೇಳಿದ.

"ಟೇಬಲ್ ನೆಪ ಅಲ್ವಾ ಅಕ್ಕ? ನಾನು ಬರ್ಲಿ ಅಂತ ತಾನೇ ನೀನು ಫೋನ್ ಮಾಡಿದ್ದು?"

"ಇಲ್ಲ ಕಣೋ," ಅಂದಳು ಅಕ್ಕ. ಸಿಟ್ಟಿರಲಿಲ್ಲ ದನಿಯಲ್ಲಿ. "ನೀನು ಬರ್ಲಿ ಅಂತ ಮೊದಲು ಮೂರು ತಿಂಗಳು ಮಾಡ್ತಿದ್ದೆ. ಈಗ ಮಾಡಿದ್ದು ಟೇಬಲ್ ಬೇಕಿತ್ತು ಅಂತ. ಸೋಮವಾರ ಆರು ಪುಸ್ತಕದ ಕರಡು ಬರುತ್ತೆ."

ಅವಳು ಬೈದಿದ್ದರೆ ಅವನು ಅತ್ತುಬಿಡುತ್ತಿದ್ದ, ಅತ್ತು ಹಗುರಾಗುತ್ತಿದ್ದ. ಅದಕ್ಕೂ ಅವಕಾಶವಾಗಲಿಲ್ಲ. ತೆಳು ಪಾದದ್ದು ಅಂಗಡಿಯಲ್ಲಿ ಎಷ್ಟು ಉಳಿದಿದೆ, ಭಾನುವಾರ ಗೋದಾಮು ತೆಗೆದಿರುತ್ತದೋ ಇಲ್ಲವೋ ಅಂತ ಅಕ್ಕನಿಗೆ ತೊದಲುತ್ತ ಹೇಳುತ್ತಿದ್ದಾಗ ಬಾಗಿಲು ತಳ್ಳಿಕೊಂಡು ಪಕ್ಕದ ಮನೆಯ ಹೊಲಿಗೆಯವಳು ಒಳಗೆ ಬಂದಳು. ದಪ್ಪನೆಯ ಹೆಂಗಸು, ಸೆರಗಿಗೆ ಗುಂಡುಸೂಜಿಗಳನ್ನು ಚುಚ್ಚಿಕೊಂಡಿದ್ದಳು. ಅವಳ ಕೊರಳಲ್ಲೂ ಒಂದು ಟೇಪಿತ್ತು.

"ಎದ್ದೇಳೋ ಹೊತ್ತಾಯ್ತಲ್ಲ ಅಕ್ಕಾವ್ರೆ. ಓ, ಟೇಬಲ್ ಬಂತಾ?" ಬೂದು ಶರ್ಟು ನೋಡಿ ಕೇಳಿದಳು, "ಅಂಗಡಿಯೋರಾ?"

ಹೌದು ಅಂದುಬಿಟ್ಟಿದ್ದರೆ ಆಗುತ್ತಿತ್ತು. ಟೇಪಣ್ಣನಿಗೆ ಹಾಗೆ ಅನ್ನಲು ಬಾಯಿ ಬರಲಿಲ್ಲ. "ತಮ್ಮ," ಅಂದ.

"ಅಯ್ಯೋ, ನೀವೇನಾ!" ಹೊಲಿಗೆಯವಳ ಮುಖ ಅರಳಿತು. "ಯಾವಾಗ ಬಂದ್ರಿ? ಸಮುದ್ರ ದಾಟಿ ಇದೀರಂತೆ, ಎರಡು ವರ್ಷಕ್ಕೊಂದು ಸಲ ಮಾತ್ರ ರಜಾನಂತೆ. ದಿನಾ ನಿಮ್ಮದೇ ಜಪ ಇವರದ್ದು. 'ಅವನು ದೂರ ಇದಾನೆ, ಇಲ್ಲದಿದ್ರೆ ನನ್ನ ತಮ್ಮ ನನ್ನನ್ನ ಹೀಗೆ ಬಿಡ್ತಿದ್ನಾ' ಅಂತ."

ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿಕೊಂಡಳು. ಕಿವಿ ಕೆಂಪಾಗಿತ್ತು. ಬೇರೆಯವರ ಒಂದು ತಪ್ಪಕ್ಷರ ಸಹಿಸದವಳು ಅವನ ಮಾನ ಮುಚ್ಚಲು ಇಷ್ಟು ದೊಡ್ಡ ಸುಳ್ಳನ್ನು ಏಳು ತಿಂಗಳು ಪ್ರತಿದಿನ ಹೇಳಿದ್ದಳು. ಈಗ ಅವನೊಂದು ಹೂಂ ಅಂದರೆ ಸಾಕು, ಇಬ್ಬರ ಮರ್ಯಾದೆಯೂ ಉಳಿಯುತ್ತದೆ. ಹೂಂ ಅನ್ನುವುದರಲ್ಲಿ ಅವನು ಪಳಗಿದವನೇ. ಆದರೆ ಹೂಂ ಅಂದರೆ ಇವತ್ತೇ ವಿಮಾನ ಹತ್ತಿ ಹೋಗಬೇಕು, ನಾಳೆ ಮತ್ತೆ ಈ ಬಾಗಿಲಿಗೆ ಬರುವ ಹಾಗಿಲ್ಲ. ಇನ್ನು ಯಾವತ್ತೂ ಬರುವ ಹಾಗಿಲ್ಲ.

"ಇಲ್ಲಮ್ಮ," ಅಂದ. "ನಾನು ಇದೇ ಊರಲ್ಲಿರೋದು. ಬಸ್ಸಲ್ಲಿ ಇಪ್ಪತ್ತು ನಿಮಿಷ. ಬಂದಿರಲಿಲ್ಲ, ಅಷ್ಟೆ. ಅಕ್ಕ ನನ್ನ ಮಾನ ಉಳಿಸೋಕೆ ಹಾಗೆ ಹೇಳಿದಾಳೆ."

ಹೊಲಿಗೆಯವಳು ಅಕ್ಕನನ್ನು ನೋಡಿದಳು, ಅವನನ್ನು ನೋಡಿದಳು. ಅವನು ತಲೆ ತಗ್ಗಿಸಿಕೊಂಡು ಬೈಗುಳಕ್ಕೆ ಕಾದ.

"ಇದೇ ಊರಾ?" ಅಂದಳು ಅವಳು ಕೊನೆಗೆ. "ಹಾಗಿದ್ರೆ ಬನ್ನಿ ಈ ಕಡೆ. ಒಂದು ಕೈ ಬೆನ್ನಿಗೆ ಕೊಡಿ, ಇನ್ನೊಂದು ಕಂಕುಳಿಗೆ. ಹಂಗಲ್ಲ, ಇನ್ನೂ ಹತ್ರ. ದಿನಕ್ಕೆ ನಾಲ್ಕು ಸಲ ಎಬ್ಬಿಸ್ಬೇಕು ಇವರನ್ನ. ಕಲ್ತ್ಕೊಂಡುಬಿಡಿ. ನಮ್ಮಮ್ಮನ್ನ ನೋಡಿ ನನಗೆ ಏಳು ತಿಂಗಳಾಯ್ತು, ಒಂದು ಸಲ ಹೋಗಿ ಬರ್ತೀನಿ."

ಅವನು ಕೈ ಕೊಟ್ಟ. ಅಕ್ಕನ ಹೆಗಲು ಅವನ ಎದೆಗೆ ತಾಗಿತು.

"ನನ್ನ ಮೇಲೆ ಭಾರ ಹಾಕು ಅಕ್ಕ," ಅಂದ.

ಅಕ್ಕ ಅವನ ಮುಖ ನೋಡಲಿಲ್ಲ. ಹೊಲಿಗೆಯವಳ ಕಡೆ ತಿರುಗಿ, "ಹಾಕಲೇನಮ್ಮ?" ಅಂತ ಕೇಳಿದಳು.