ಅತ್ತೆಯ ಸುಳ್ಳು, ನನ್ನ ಕಥೆ

ಅತ್ತೆ ಎಂದರೆ ನಮ್ಮ ಅಪ್ಪನ ಅಕ್ಕ. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ಕಾಸಾರಶಿರಸಿಯ ನಮ್ಮ ಮನೆಗೆ ಬಂದವಳು ಮತ್ತೆ ಎಲ್ಲಿಗೂ ಹೋಗಲಿಲ್ಲ. ಮನೆ, ಹೊಲ ಎಲ್ಲ ಅಪ್ಪನದು. ನಡೆಯುತ್ತಿದ್ದದ್ದು ಅವಳ ಮಾತು. ನಸುಕಿನಲ್ಲಿ ಎದ್ದು ಜಳಕ ಮಾಡಿ, ಹಣೆತುಂಬ ವಿಭೂತಿ ಹಚ್ಚಿಕೊಂಡು, ಲಿಂಗಪೂಜೆ ಮುಗಿಯುವ ತನಕ ಚಹಾ ಸಹ ಮುಟ್ಟುತ್ತಿರಲಿಲ್ಲ. ಪೂಜೆ ಮುಗಿದೊಡನೆ ಮೊದಲ ಬೈಗುಳ ನಮ್ಮ ಅವ್ವನಿಗೆ. ಅವ್ವ ಮಾಡಿದ ಯಾವ ಪಲ್ಯವೂ ಅವಳಿಗೆ ಸರಿ ಬಂದದ್ದು ನನಗೆ ನೆನಪಿಲ್ಲ.

ಕೆಲವು ವರ್ಷಗಳ ಹಿಂದೆ ಅವಳ ಮೇಲೆ ಒಂದು ಕಥೆ ಬರೆದೆ. ನಾನು ಉಮರಗಾ ತಾಲೂಕಿನ ಒಂದು ಕನ್ನಡ ಶಾಲೆಯಲ್ಲಿ ಪಾಠ ಹೇಳುತ್ತೇನೆ. ರಜೆ ಸಿಕ್ಕಾಗ ಕಥೆ ಬರೆಯುತ್ತೇನೆ. ಕಲಬುರಗಿಯ ಒಂದು ಪತ್ರಿಕೆಗೆ ಕಳಿಸಿದ್ದೆ. ಸಂಪಾದಕರು ಓದಿ ಫೋನು ಮಾಡಿದರು.

"ಕಥಿ ಛಲೋ ಅದರೀ ಮೇಡಂ. ಆದ್ರ ಈ ಅತ್ತಿ ಇಷ್ಟು ಒಳ್ಳೆಯಾಕಿ ಆಗಿ ನಿಂತ್ರ, ಓದೋರಿಗಿ ಏನು ಕೆಲಸ ಉಳೀತು?"

ಈಕೆ ಪ್ರತಿನಾಯಕಿ ಆಗಬೇಕಾಗಿದ್ದವಳು, ನೀವು ಅವಳನ್ನು ದೇವತೆ ಮಾಡಿದ್ದೀರಿ ಎಂದರು. ಪ್ರತಿನಾಯಕಿ ಎಂದರೆ ಖಳನಾಯಕಿ ಅಲ್ಲವೇ ಎಂದು ಕೇಳಿದೆ. ಹಳೆಯ ನಾಟಕಗಳಲ್ಲಿ ಆ ಪದಕ್ಕೆ ಆ ಅರ್ಥ ಇರಬಹುದು, ನಾನು ಹೇಳುವುದು ಬೇರೆ ಎಂದರು. ಕಥೆಯ ನಡುವೆ ನಿಂತಿರುವವಳು ಅವಳೇ, ನಾವು ಅವಳ ಜೊತೆಗೇ ನಡೆಯುತ್ತೇವೆ, ಆದರೆ ಅವಳನ್ನು ಒಪ್ಪಿಕೊಳ್ಳಲೂ ಆಗುವುದಿಲ್ಲ, ದಾರಿಯಲ್ಲಿ ಬಿಟ್ಟು ಬರಲೂ ಆಗುವುದಿಲ್ಲ. ಒಳ್ಳೆಯ ಉದ್ದೇಶಕ್ಕೆ ಒಂದು ಕೆಟ್ಟ ಕೆಲಸ ಮಾಡಿದಳು ಎಂದಷ್ಟೇ ಆದರೆ ಅವಳು ಸೀರೆಗೆ ಧೂಳು ಹತ್ತಿದ ನಾಯಕಿ, ಅಷ್ಟೇ. ಹಾಗಾದರೆ ಇನ್ನೇನು ಬೇಕು ಎಂದು ಕೇಳಿದ್ದಕ್ಕೆ, ಅದು ನಿಮಗೇ ಗೊತ್ತಿರಬೇಕು, ಅತ್ತೆ ನಿಮ್ಮವಳು ಎಂದು ಫೋನು ಇಟ್ಟರು.

ನಾನು ಬರೆದಿದ್ದ ಸಂಗತಿ ನಮ್ಮ ಮನೆಯಲ್ಲಿ ನಡೆದದ್ದೇ. ನನ್ನ ಅಕ್ಕ ಆಗ ತಾನೇ ಹನ್ನೆರಡನೆಯ ತರಗತಿ ಪಾಸಾಗಿದ್ದಳು. ಉದಗೀರದಲ್ಲಿ ನರ್ಸಿಂಗ್ ಕಲಿಯುವ ಆಸೆ ಅವಳಿಗೆ. ಅಪ್ಪ ಒಲ್ಲೆ ಎಂದಿದ್ದ. ಜಳಕೋಟದ ಕಡೆಯ ಒಂದು ಮನೆತನದವರು ಕನ್ಯೆ ನೋಡಲು ಬಂದರು. ಹುಡುಗನ ತಂದೆಗೆ ಬೀಜ ಗೊಬ್ಬರದ ಅಂಗಡಿ ಇತ್ತು. ಸುಸಲಾ ತಿಂದರು, ಚಹಾ ಕುಡಿದರು, ಅಕ್ಕ ತಲೆ ತಗ್ಗಿಸಿ ಕೂತು ಎದ್ದು ಹೋದಳು. ಎಮ್ಮೆ ತೋರಿಸುತ್ತೇನೆ ಎಂದು ಅತ್ತೆ ಹುಡುಗನ ತಾಯಿಯನ್ನು ಹಿತ್ತಲಿಗೆ ಕರೆದುಕೊಂಡು ಹೋಗಿದ್ದು ರಜೆಗೆ ಊರಿಗೆ ಬಂದಿದ್ದ ನಾನು ನೋಡಿದ್ದೇನೆ. ಸ್ವಲ್ಪ ದಿನ ಬಿಟ್ಟು ಸಂಬಂಧ ತಂದಿದ್ದ ಮನುಷ್ಯ ಬಂದು ಅವರು ಒಲ್ಲೆ ಅಂದರು ಎಂದ. ಅಪ್ಪನನ್ನು ಹೊರಗೆ ಕರೆದು ಕಾರಣ ಹೇಳಿದ. ಹುಡುಗಿಗೆ ಮಿರಗಿ ಬರುತ್ತದಂತೆ, ಕೈಕಾಲು ಸೆಟೆದು ಬೀಳುತ್ತಾಳಂತೆ, ಮನೆಯವರೇ ಹೇಳಿದರಂತೆ.

ಅಕ್ಕನಿಗೆ ಎಂದೂ ಮಿರಗಿ ಬಂದದ್ದಿಲ್ಲ. ಅಪ್ಪ ನೆಟ್ಟಗೆ ಅತ್ತೆಯ ಮುಂದೆ ಹೋಗಿ ನಿಂತ. ಅವಳು ಮೊರದಲ್ಲಿ ತೊಗರಿ ಹಸನು ಮಾಡುತ್ತ ಕೂತಿದ್ದಳು. "ಹೂಂ, ನಾನೇ ಹೇಳೀನಿ" ಎಂದಳು, ಮೊರದಿಂದ ಕಣ್ಣು ಎತ್ತದೆ. ಯಾಕೆಂದು ಹೇಳಲಿಲ್ಲ. ಅಪ್ಪ ಆ ಬೇಸಿಗೆಯೆಲ್ಲ ಅವಳ ಜೊತೆ ಮಾತಾಡಲಿಲ್ಲ. ಅಕ್ಕನಿಗೆ ಮಾತ್ರ ಯಾರೂ ಏನೂ ತಿಳಿಸಬಾರದು ಎಂದು ಅವ್ವ ನನ್ನ ಬಾಯಿ ಮುಚ್ಚಿಸಿದಳು.

ಅಂಥ ಸುದ್ದಿ ನಿಲಂಗಾದಿಂದ ಉದಗೀರದವರೆಗೂ ತಾನೇ ಹಬ್ಬುತ್ತದೆ. ಬೇರೆ ಸಂಬಂಧ ಬರಲಿಲ್ಲ. ಆಗ ಒಂದು ದಿನ ಅತ್ತೆ ಅಪ್ಪನಿಗೆ ಹೇಳಿದಳು: "ಈಗ ಇಕೀನ ಯಾರ್ ಮಾಡ್ಕೋತಾರ? ಮನ್ಯಾಗ ಕುಂದರಿಸಿ ಏನ್ ಮಾಡ್ತಿ? ಓದ್ತೀನಿ ಅಂತಾಳ, ಓದಲಿ." ತಾನೇ ಬಾಗಿಲು ಮುಚ್ಚಿ, ತಾನೇ ಇನ್ನೊಂದು ಬಾಗಿಲು ತೋರಿಸಿದಳು. ಅಪ್ಪ ಫೀಸಿನ ದುಡ್ಡು ಹೊಂದಿಸಿದ. ಅಕ್ಕ ಉದಗೀರಕ್ಕೆ ಹೋದಳು, ನರ್ಸ್ ಆದಳು, ಅಲ್ಲಿನ ದವಾಖಾನೆಯಲ್ಲಿ ನೌಕರಿ ಹಿಡಿದಳು. ಆಮೇಲೆ ಬಂದ ಸಂಬಂಧಗಳಿಗೆಲ್ಲ ಅವಳೇ ಒಲ್ಲೆ ಎಂದಳು.

ನನ್ನ ಕಥೆಯಲ್ಲಿ ಅತ್ತೆ ಎಲ್ಲವನ್ನೂ ಮೊದಲೇ ಯೋಚಿಸಿದ್ದಳು. ಕೊನೆಗೆ ಅಕ್ಕನನ್ನು ಅಪ್ಪಿಕೊಂಡು ಅಳುತ್ತಿದ್ದಳು. ಆ ಅಳು ನಾನು ಹುಟ್ಟಿಸಿದ್ದು.

ಸಂಪಾದಕರು ಫೋನು ಮಾಡಿದ ಮುಂದಿನ ಶನಿವಾರ ನಿಲಂಗಾದಲ್ಲಿ ಬಸ್ಸು ಬದಲಿಸಿ ಉದಗೀರಕ್ಕೆ ಹೋದೆ. ಅತ್ತೆಯೂ ಅಲ್ಲೇ ಇದ್ದಳು. ಅಪ್ಪ ಅವ್ವ ತೀರಿದ ಮೇಲೆ ಊರ ಮನೆಯಲ್ಲಿ ಉಳಿದ ನನ್ನ ತಮ್ಮನ ಹೆಂಡತಿಗೆ ಅವಳ ಬಾಯಿ ತಾಳಲಾಗಲಿಲ್ಲ. ಅಕ್ಕ ಹೋಗಿ ಕರೆದುಕೊಂಡು ಬಂದಿದ್ದಳು. ನಾನು ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆ ಓದಿದವಳು, ಅಕ್ಕ ಮರಾಠಿ ಶಾಲೆ ಓದಿದವಳು. ಮನೆಯ ಮಾತು ಕನ್ನಡವೇ ಆದರೂ ಅವಳಿಗೆ ಕನ್ನಡ ಓದಲು ಬಾರದು. ಸಂಜೆ ಅವಳು ಮೆಂತೆಸೊಪ್ಪು ಬಿಡಿಸುತ್ತ ಕೂತಾಗ ಕಥೆಯನ್ನು ಪೂರ್ತಿ ಓದಿ ಹೇಳಿದೆ. ಅವ್ವ ಮುಚ್ಚಿಸಿದ್ದ ಬಾಯಿ ಅಕ್ಕನ ಮುಂದೆ ಅಂದೇ ತೆರೆದದ್ದು. ಅತ್ತೆ ಹೊರಗಿನ ಕೋಣೆಯಲ್ಲಿ ಮಲಗಿದ್ದಳು.

ಅಕ್ಕ ಸೊಪ್ಪು ಬಿಡಿಸುವುದು ನಿಲ್ಲಿಸಲಿಲ್ಲ. "ಅತ್ತಿಗಿ ಛಲೋ ತೊಳದು, ಹೂ ಮುಡಿಸಿ ಕುಂದರಿಸೀದಿ" ಎಂದಳು.

ಆಮೇಲೆ ನನಗೆ ಗೊತ್ತಿರದ ಒಂದು ಸಂಗತಿ ಹೇಳಿದಳು. ನೌಕರಿ ಹಿಡಿದು ಬಹಳ ವರ್ಷ ಆದ ಮೇಲೆ ವಾರ್ಡಿಗೆ ಒಬ್ಬ ಮುದುಕಿ ಬಂದಳಂತೆ, ಜಳಕೋಟದ ಕಡೆಯವಳು. ಮಗ ಸೊಸೆ ಜೊತೆಗಿದ್ದರು. ಅಕ್ಕ ಸಲಾಯಿನ್ ಹಚ್ಚುವಾಗ ಮುದುಕಿ ಅವಳ ಮುಖವನ್ನೇ ನೋಡುತ್ತಿದ್ದಳಂತೆ, ಯಾವ ಊರು, ಯಾರ ಮಗಳು ಎಂದೆಲ್ಲ ಕೇಳಿದಳಂತೆ. ಆಮೇಲೆ ಬಹಳ ಕನಿಕರದಿಂದ, "ಈಗ ಮಿರಗಿ ಬರಂಗಿಲ್ಲೇನವ್ವಾ?" ಎಂದಳಂತೆ.

"ಅವತ್ತೇ ನನಗ ಗೊತ್ತಾತು" ಎಂದಳು ಅಕ್ಕ. "ಅಲ್ಲೀತನಾ ನಾ ಕಪ್ಪ ಇದ್ದೀನಿ ಅಂತ ಅಂವಾ ಒಲ್ಲೆ ಅಂದಾನ ಅಂತ ತಿಳ್ಕೊಂಡಿದ್ದೆ. ಕನ್ನಡಿ ನೋಡೋದೇ ಬಿಟ್ಟಿದ್ದೆ. ಅಂವಾ ನನಗ ಮನಸಿಗಿ ಬಂದಿದ್ದ."

ನನ್ನ ಕೈಯಲ್ಲಿದ್ದ ಹಾಳೆಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ. ವಾರ್ಡಿನಲ್ಲಿ ಕಂಡ ಆ ಮಗ ಹೇಗಿದ್ದ ಎಂದು ಕೇಳಿದೆ. ಒಳ್ಳೆಯವನಿದ್ದ ಎಂದಳು. ತಾಯಿಯ ಕಾಲು ಒತ್ತುತ್ತಿದ್ದ, ಹೆಂಡತಿಗೆ ಮೊದಲು ಊಟ ಮಾಡು ಎನ್ನುತ್ತಿದ್ದ. ಅತ್ತೆಯ ಸುಳ್ಳು ಅಕ್ಕನನ್ನು ಯಾವ ಕೆಟ್ಟ ಮನೆಯಿಂದಲೂ ಪಾರು ಮಾಡಿರಲಿಲ್ಲ.

ಹಾಗಾದರೆ ನರ್ಸ್ ಆಗಿದ್ದು ಬೇಡವಾಗಿತ್ತೇ ಎಂದು ಕೇಳಿದಾಗ ಅಕ್ಕನಿಗೆ ಸಿಟ್ಟು ಬಂತು. ಈ ಕೆಲಸ ಬಿಟ್ಟು ಬೇರೆ ಜನ್ಮ ತನಗೆ ಬೇಡ ಎಂದಳು. "ಆದ್ರ ಅದು ಅಕಿ ಕೊಟ್ಟಿದ್ದಲ್ಲ. ನಾ ಓದೀನಿ." ಆಮೇಲೆ, ಹೊಲದಲ್ಲಿ ಕಸ ತೆಗೆಯಲು ಬರುತ್ತಿದ್ದ ಹೆಣ್ಣುಮಗಳನ್ನು ಕಥೆಯಲ್ಲಿ ಎಲ್ಲಿ ಬಿಟ್ಟೆ ಎಂದು ನನ್ನನ್ನೇ ಕೇಳಿದಳು.

ಅವಳನ್ನು ನಾನು ಮರೆತಿರಲಿಲ್ಲ. ಕಥೆಗೆ ಹೊಂದುವುದಿಲ್ಲ ಎಂದು ಸೇರಿಸಿರಲಿಲ್ಲ. ಅವಳು ತೊಗರಿ ಕದ್ದಳು ಎಂದು ಅತ್ತೆ ಓಣಿತುಂಬ ಹೇಳಿದ್ದಳು. ಆಮೇಲೆ ಊರಿನಲ್ಲಿ ಯಾರೂ ಅವಳನ್ನು ಕೆಲಸಕ್ಕೆ ಕರೆಯಲಿಲ್ಲ. ಯೆಣೆಗೂರಿನ ಹತ್ತಿರ ಹೆದ್ದಾರಿಯ ಒಂದು ಧಾಬಾದಲ್ಲಿ ರೊಟ್ಟಿ ಬಡಿಯುತ್ತಾಳೆ ಎಂದು ಆಮೇಲೆ ಯಾರೋ ಹೇಳಿದ್ದರು.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಅತ್ತೆ ಅಂಗಳದ ಬಿಸಿಲಿನಲ್ಲಿ ಕೂತಿದ್ದಳು. ಕಿವಿ ಸ್ವಲ್ಪ ಮಂದವಾಗಿತ್ತು, ದನಿ ಮಾತ್ರ ಹಿಂದಿನದೇ. ಪಕ್ಕದಲ್ಲಿ ಕೂತು, ಅವತ್ತು ಜಳಕೋಟದವರಿಗೆ ಯಾಕೆ ಹಾಗೆ ಹೇಳಿದೆ ಎಂದು ಕೇಳಿದೆ. ನಮ್ಮ ಮನೆಯಲ್ಲಿ ಯಾರೂ ಅವಳಿಗೆ ಎರಡನೆಯ ಸಲ ಕೇಳಿರಲಿಲ್ಲ.

"ಅಕಿ ಓದಬೇಕಂತ ಅಳ್ತಿದ್ಳು, ಅದೂ ಖರೆ" ಎಂದಳು. "ಅಕಿ ಗಂಡನ ಮನಿಗಿ ಹೋದ್ರ ಆ ಮನ್ಯಾಗ ನನಗ ಯಾರಿದ್ರು? ಅದೂ ಖರೆ. ಯಾವದು ಮೊದಲು ಅಂತ ಈಗ ನೆನಪಿಲ್ಲ."

ತಪ್ಪು ಮಾಡಿದೆ ಎಂದು ಅನಿಸಲಿಲ್ಲವೇ ಎಂದೆ.

"ಅನಸಿದ್ರ ಏನ್ ಮಾಡ್ಬೇಕಿತ್ತು? ಜಳಕೋಟಕ್ಕ ಹೋಗಿ ಅಂವಗ ಕರ್ಕೊಂಡು ಬರ್ಬೇಕಿತ್ತೇನು?"

ಕಸ ತೆಗೆಯುವವಳ ಮಾತು ಎತ್ತಿದೆ. ಅತ್ತೆ ಸೆರಗಿನ ಅಂಚು ತಿರುವಿದಳು. "ಅಕಿ ಕದ್ದಿರಲಿಲ್ಲ. ಎದುರು ಮಾತಾಡಿದ್ಳು" ಎಂದಳು. ಅವಳ ಮುಖದಲ್ಲಿ ಪಶ್ಚಾತ್ತಾಪ ಇತ್ತೇ ಎಂದು ನೋಡಿದೆ. ನನಗೆ ಕಂಡದ್ದು ದಣಿವು ಮಾತ್ರ. ಅಕ್ಕ ಬಿಪಿ ಗುಳಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. ಬಂದು ಗುಳಿಗೆಯನ್ನು ಅತ್ತೆಯ ಅಂಗೈಯಲ್ಲಿಟ್ಟು, ನೀರು ಕೊಟ್ಟು, ಅವಳು ನುಂಗುವವರೆಗೆ ನಿಂತು, ಡ್ಯೂಟಿಗೆ ಹೋದಳು.

ಉಮರಗಾಕ್ಕೆ ಮರಳಿ ಕಥೆಯನ್ನು ಹೊಸದಾಗಿ ಬರೆದೆ. ಕೊನೆಯ ಅಳು ತೆಗೆದೆ. ಕನ್ನಡಿ ಬಿಟ್ಟ ಅಕ್ಕನನ್ನು ಸೇರಿಸಿದೆ, ಕದಿಯದೆ ಕಳ್ಳಿಯಾದವಳನ್ನು ಸೇರಿಸಿದೆ. ಬರೆಯುವಾಗ ಸಂಪಾದಕರ ಮಾತು ನನಗೆ ಬೇರೆ ರೀತಿ ತಿಳಿಯತೊಡಗಿತು. ಅತ್ತೆಯ ಒಳ್ಳೆಯ ಕೆಲಸ ತಕ್ಕಡಿಯ ಒಂದು ಪರಡಿಯಲ್ಲಿ, ಕೆಟ್ಟದ್ದು ಇನ್ನೊಂದರಲ್ಲಿ ಇಟ್ಟು ನಾನು ಮೊದಲಿನಿಂದ ತೂಗುತ್ತಿದ್ದೆ. ಅಕ್ಕನ ಮದುವೆ ತಪ್ಪಿಸಿದ ಹಟವೂ, ಆ ಕೂಲಿಯವಳನ್ನು ಓಡಿಸಿದ ಹಟವೂ ಒಂದೇ ಆಗಿತ್ತು. ಅದೇ ಹಟ ಇಲ್ಲದಿದ್ದರೆ ಅಪ್ಪ ಅಕ್ಕನನ್ನು ಓದಿಸುತ್ತಿರಲಿಲ್ಲ. ಅದನ್ನು ಬೇರೆ ಮಾಡಲು ಹೋದಾಗಲೆಲ್ಲ ಕಥೆಯಲ್ಲಿ ಅತ್ತೆ ಇಲ್ಲವಾಗಿ ಇನ್ನಾರೋ ಬಂದು ಕೂಡುತ್ತಿದ್ದರು. ಹಾಗಾಗಿ ಬಿಟ್ಟುಬಿಟ್ಟೆ.

ಕಥೆ ಅಚ್ಚಾಯಿತು. ಅಕ್ಕನಿಗೆ ಓದಿ ಹೇಳಿದಾಗ ಅವಳು "ಈಗ ಅಕಿ ಇದ್ದಾಳ" ಎಂದಳು. ಅತ್ತೆಗೆ ಓದಿ ಹೇಳಲೇ ಎಂದು ಕೇಳಿದೆ. ಬೇಡ ಎಂದು ಅಕ್ಕ ತಲೆ ಅಲ್ಲಾಡಿಸಿದಳು.

ಮುಂದಿನ ಬೇಸಿಗೆಯಲ್ಲಿ ಅತ್ತೆ ತೀರಿಕೊಂಡಳು. ಅಕ್ಕ ರಜೆ ಹಾಕಿ ಕೊನೆಯ ವಾರವೆಲ್ಲ ಅವಳ ಹತ್ತಿರ ಇದ್ದಳು. ತಾನೇ ಜಳಕ ಮಾಡಿಸಿ, ತಾನೇ ವಿಭೂತಿ ಹಚ್ಚಿದಳು. ಮಾತಾಡಿಸಲು ಬಂದ ಹೆಂಗಸರು, ದೇವರಂಥಾಕಿ, ತಮ್ಮನ ಮಗಳನ್ನು ಓದಿಸಿ ಕಾಲಮೇಲೆ ನಿಲ್ಲಿಸಿದಳು ಎಂದರು. ಅಕ್ಕ ಅವರಿಗೆ ಚಹಾ ಕೊಟ್ಟಳು.  ಎಲ್ಲರೂ ಹೋದ ಮೇಲೆ ಖಾಲಿ ಮಂಚದ ಮೇಲೆ ಕೂತು ಬಹಳ ಅತ್ತಳು. ನಾನು ಹತ್ತಿರ ಹೋಗಲಿಲ್ಲ.

ಆ ತಿಂಗಳಲ್ಲೇ ಒಂದು ದಿನ ಯೆಣೆಗೂರಿಗೆ ಹೋದೆ. ಹೆದ್ದಾರಿಯ ಧಾಬಾಗಳಲ್ಲಿ ಒಂದೊಂದಾಗಿ ವಿಚಾರಿಸಿದೆ. ಒಂದು ಕಡೆ ಒಲೆಯ ಮುಂದೆ ಕೂತಿದ್ದ ಹೆಂಗಸು, ಹೌದು, ಅಂಥವಳೊಬ್ಬಳು ಇಲ್ಲಿ ರೊಟ್ಟಿ ಬಡಿಯುತ್ತಿದ್ದಳು ಎಂದಳು. ಮಗ ಪುಣೆಗೆ ಕರೆದುಕೊಂಡು ಹೋದನಂತೆ. ಪುಣೆಯಲ್ಲಿ ಎಲ್ಲಿ ಎಂದು ಅವಳಿಗೆ ಗೊತ್ತಿಲ್ಲ. ನೀವು ಅವಳಿಗೆ ಏನಾಗಬೇಕು ಎಂದು ಕೇಳಿದಳು. ಒಂದೇ ಊರಿನವರು ಎಂದೆ. ಅವಳು ನನಗೊಂದು ಬಿಸಿ ರೊಟ್ಟಿ, ಸ್ವಲ್ಪ ಶೇಂಗಾ ಚಟ್ನಿ ಕೊಟ್ಟಳು. ತಿಂದು, ಉಮರಗಾದ ಬಸ್ಸು ಹತ್ತಿದೆ.