ಇರುವೆ ನೋಡ್ಕಂಡ್ ಬಾ

ದೊಡ್ಡವ್ವನ ರವಿಕೆಯ ಬಲಗಡೆ ರೇಷ್ಮೆಗೂಡುಗಳಿದ್ದವು. ಒಳಗೇ ಹುಳ ಸತ್ತು ಒಣಗಿ, ಮಾರುಕಟ್ಟೆಯಲ್ಲಿ ಯಾರೂ ಕೊಳ್ಳದ ಗೂಡುಗಳು. ಅವನ್ನು ಬಿಸಿಲಿಗೆ ಹಾಕಿ, ಹಳೆ ಸೀರೆಯ ತುಂಡಿನಲ್ಲಿ ತುಂಬಿ ಹೊಲಿದು, ಮೊಲೆ ಇದ್ದ ಜಾಗಕ್ಕೆ ಇಟ್ಟುಕೊಳ್ಳುತ್ತಿದ್ದಳು. ಹತ್ತಿಯಾದರೆ ಬೆವರು ಕುಡಿದು ಭಾರವಾಗುತ್ತದೆ, ಗೂಡು ಹಗುರ ಎನ್ನುವುದು ಅವಳ ವಾದ. ಆದರೆ ಬಗ್ಗಿ ಕಸ ಗುಡಿಸುವಾಗ ಗೂಡಿನೊಳಗಿನ ಒಣಹುಳಗಳು ಅಲುಗಿ ಗಿಲಗಿಲ ಎನ್ನುತ್ತಿದ್ದವು. ಹೆಂಗಸಿನ ಎದೆಯೊಳಗಿಂದ ಬರುವ ಆ ಸದ್ದನ್ನು ಕೇಳಿದ ಹೊಸ ನೆಂಟರು ಕಾಫಿಗೂ ಕಾಯದೆ ಎದ್ದುಬಿಡುತ್ತಿದ್ದರು. "ಓಗ್ಲಿ ಬುಡು, ಕಾಪಿಪುಡಿ ಉಳೀತು" ಎಂದು ಅವಳು ನಗುತ್ತಿದ್ದಳು.

ಧನಗೆರೆಯಲ್ಲಿ ನಮ್ಮ ಮನೆಗೂ ಅವಳ ಮನೆಗೂ ಒಂದೇ ಗೋಡೆ. ರಕ್ತಸಂಬಂಧವಿಲ್ಲ, ವರಸೆಯಲ್ಲಿ ದೊಡ್ಡವ್ವ. ಮಕ್ಕಳಿರಲಿಲ್ಲ. ಗಂಡ, ಅಂದರೆ ನಮ್ಮ ದೊಡ್ಡಪ್ಪ, ಮಾತನ್ನು ಮದುವೆಯ ದಿನವೇ ಇವಳಿಗೆ ಒಪ್ಪಿಸಿ ಕೈತೊಳೆದುಕೊಂಡವನು. ಇಬ್ಬರೂ ಸೇರಿ ಮನೆಯ ಹಿಂದಿನ ಹಿಪ್ಪುನೇರಳೆ ತೋಟ ನೋಡಿಕೊಂಡು, ಹುಳ ಸಾಕಿ, ಗೂಡನ್ನು ಕೊಳ್ಳೇಗಾಲದ ಮಾರುಕಟ್ಟೆಗೆ ಹಾಕುತ್ತಿದ್ದರು. ಹುಳುಗಳಿಗೆ ಸೊಪ್ಪು ಹಾಕುವಾಗ "ತಿನ್ರವ್ವಾ, ನಾಚ್ಕಬ್ಯಾಡಿ" ಎಂದು ಉಪಚಾರ ಬೇರೆ ಮಾಡುತ್ತಿದ್ದಳು.

ಅವಳ ದೊಡ್ಡ ಗುಣ, ದೊಡ್ಡ ಪೀಡೆಯೂ ಹೌದು, ಪ್ರಶ್ನೆ ಕೇಳುವುದು. ಬಸ್ಸು ತಡವಾದರೆ ಕಂಡಕ್ಟರನನ್ನು ಕೇಳುವಳು. ಮದುವೆಮನೆಯಲ್ಲಿ ಸಾರು ನೀರಾಗಿದ್ದರೆ ಬೀಗರನ್ನೇ ಕೇಳುವಳು. ಉತ್ತರ ಸಿಗುವವರೆಗೆ ನಿಂತ ಜಾಗ ಬಿಡುತ್ತಿರಲಿಲ್ಲ. ಅವಳ ಜೊತೆ ಸಂತೆಗೆ ಹೋಗುವುದೆಂದರೆ ನನಗೆ ಮೈಯೆಲ್ಲ ಮುದುಡುತ್ತಿತ್ತು.

ನಾನು ಕೊಳ್ಳೇಗಾಲದಲ್ಲಿ ಬಿ.ಎಸ್‌ಸಿ. ಓದುತ್ತಿದ್ದಾಗ ಒಂದು ಬೆಳಿಗ್ಗೆ ಅವಳು ಬಚ್ಚಲಿನಿಂದ ಒದ್ದೆ ಮೈಯಲ್ಲೇ ನನ್ನನ್ನು ಕೂಗಿದಳು. ಕಪ್ಪೆ ಕೊಯ್ದವಳಿಗೆ ಎಲ್ಲ ಗೊತ್ತಿರುತ್ತದೆ ಎಂಬುದು ಅವಳ ನಂಬಿಕೆ. ನನ್ನ ಬೆರಳು ಹಿಡಿದು ಬಲ ಮೊಲೆಯ ಮೇಲೆ ಒತ್ತಿಸಿದಳು. ಒಳಗೆ ಅವರೆಕಾಳಿನಷ್ಟು ಗಟ್ಟಿ. ಸರಿಸಿದರೆ ಸರಿಯಲಿಲ್ಲ. "ನೋವಿಲ್ಲ ಕಣವ್ವ. ನೋವಿಲ್ದಿದ್ಮೇಲೆ ಏನೂ ಇಲ್ಲ ಅಲ್ವಾ?" ಎಂದಳು. ನೋವಿಲ್ಲದ್ದೇ ನನಗೆ ಹೆದರಿಕೆಯಾಯಿತು.

ಕೊಳ್ಳೇಗಾಲದ ಡಾಕ್ಟರಮ್ಮ ಮೈಸೂರಿಗೆ ಕಳಿಸಿದರು. ಅಲ್ಲಿ ಸೂಜಿ ಚುಚ್ಚಿ ಪರೀಕ್ಷೆ ಮಾಡಿದರು. ಕ್ಯಾನ್ಸರ್ ಎಂದು ಬಂತು. ಆಪರೇಷನ್ ಮಾಡುವ ಡಾಕ್ಟರ ಕೋಣೆಯಲ್ಲಿ ನಾವು ಮೂವರೂ ಕೂತೆವು. ದೊಡ್ಡಪ್ಪ ಟವೆಲ್ಲನ್ನು ಹಿಂಡುತ್ತಿದ್ದ. ದೊಡ್ಡವ್ವ ಶುರುಮಾಡಿದಳು.

"ಸೂಜಿ ಚುಚ್ಚುದ್ರಲ್ಲ ಸಾ, ಅದ್ರಿಂದ ಅಬ್ಬಾಕಿಲ್ವಾ?"

ಇಲ್ಲಮ್ಮ, ಹರಡುವುದಿಲ್ಲ, ಚುಚ್ಚದೆ ಏನೆಂದು ಗೊತ್ತಾಗುವುದಿಲ್ಲ ಎಂದರು ಡಾಕ್ಟರು.

"ನಮ್ ಯಜಮಾನ್ರಿಗೆ ಅಂಟ್ತದಾ?"

ಅಂಟುವ ಕಾಯಿಲೆಯಲ್ಲ.

"ಯಾರ್ದಾರ ಕಣ್ಣಾಯ್ತಾ? ನಾನೇನಾರ ತಪ್ಪು ಮಾಡಿದ್ನಾ?"

ಯಾರ ಕಣ್ಣೂ ಅಲ್ಲ, ನಿಮ್ಮ ತಪ್ಪೂ ಅಲ್ಲ. ಡಾಕ್ಟರು ಒಳ್ಳೆಯವರು, ಒಂದಕ್ಕೂ ಬೇಸರಪಡಲಿಲ್ಲ. ಕೂದಲು ಉದುರುತ್ತದೆ, ಮತ್ತೆ ಬರುತ್ತದೆ ಎಂದೂ ಹೇಳಿದರು. ಎಲ್ಲ ಮುಗಿಯಿತು ಎಂದು ನಾನು ಎದ್ದು ನಿಂತಾಗ ಅವಳು ಕೊನೆಯದನ್ನು ಕೇಳಿದಳು.

"ಕೊಯ್ದು ತಗದ ಮ್ಯಾಕೆ ಅದ ಏನ್ ಮಾಡೀರಿ ಸಾ?"

"ಪರೀಕ್ಷೆಗೆ ಕಳಿಸ್ತೀವಮ್ಮ. ಅದನ್ನು ನೋಡಿಯೇ ಮುಂದಿನ ಔಷಧಿ ಯಾವುದು ಅಂತ ಗೊತ್ತಾಗೋದು."

"ಪರೀಕ್ಸೆ ಆದ್ಮೇಲೆ?"

ಡಾಕ್ಟರು ಪೆನ್ನು ಕೆಳಗಿಟ್ಟರು. "ಸುಡ್ತಾರಮ್ಮ. ನಿಯಮ ಹಾಗಿದೆ."

ದೊಡ್ಡವ್ವ ಸೆರಗು ಹೊದ್ದುಕೊಂಡು ಎದ್ದಳು. "ನಮ್ಮೋರ್ನ ಸುಡಾಕಿಲ್ಲ ಸಾ. ಮಣ್ಣು ಮಾಡ್ತಾರೆ" ಎಂದು ಹೇಳಿ ಹೊರಗೆ ನಡೆದಳು.

ನಮ್ಮವರಲ್ಲಿ ಸತ್ತವರನ್ನು ಅವರವರ ಜಮೀನಿನಲ್ಲೇ ಕೂರಿಸಿ, ಉಪ್ಪು ವಿಭೂತಿ ಹಾಕಿ ಮಣ್ಣು ಮಾಡುತ್ತಾರೆ. ಮೈಯೆಲ್ಲ ಮಣ್ಣಿಗೆ, ಒಂದು ತುಂಡು ಮಾತ್ರ ಬೆಂಕಿಗೆ ಎನ್ನುವುದನ್ನು ಅವಳಿಂದ ನುಂಗಲಾಗಲಿಲ್ಲ. "ಅಲ್ಲಿ ಓಗಿ ಕೂತಾಗ ಸಿವ ಕೇಳ್ತಾನೆ, ಇನ್ನೊಂದೆಲ್ಲಮ್ಮಿ ಅಂತ. ಏನಂತ ಏಳ್ಲಿ?" ಬಸ್ಸಿನುದ್ದಕ್ಕೂ ಇದೇ ಪ್ರಶ್ನೆ. ಪರರನ್ನು ಪ್ರಶ್ನೆ ಕೇಳಿ ಕಾಡಿದವಳು ಈಗ ಒಂದು ಪ್ರಶ್ನೆಗೆ ಸಿಕ್ಕಿಬಿದ್ದಿದ್ದಳು.

ಆಪರೇಷನ್ ಬೇಡವೆಂದು ಕೂತುಬಿಟ್ಟಳು. ನನ್ನ ಅವ್ವ ಬೈದಳು, ಅತ್ತಳು. ಆಸ್ಪತ್ರೆಯಿಂದ ಫೋನು ಬಂತು, ತಡಮಾಡಿದಷ್ಟೂ ಅಪಾಯ ಎಂದು. ಅವರೆಕಾಳು ನೆಲ್ಲಿಕಾಯಾಯಿತು. ನನಗೆ ಸಿಟ್ಟು ನೆತ್ತಿಗೇರಿ, "ಇಡೀ ಮೈ ಮಣ್ಣಿಗೆ ಹೋಗ್ಬೇಕು ಅಂತ ಹಟ ಮಾಡ್ತಾ ಇಡೀ ಮೈನ ಬೇಗ ಕಳಿಸ್ತಾ ಇದ್ದೀಯ, ಅಷ್ಟೇ" ಎಂದು ಕೂಗಾಡಿದೆ. ಅವಳು ಹುಳುಗಳಿಗೆ ಸೊಪ್ಪು ಹರಡುತ್ತಲೇ ಇದ್ದಳು.

ಅದಾಗಿ ಕೆಲವು ದಿನಕ್ಕೆ, ಹೊತ್ತು ಮುಳುಗುವಾಗ, ಗೋಡೆಯಾಚೆಯಿಂದ ಕರೆದಳು. "ಬಾವ್ವ, ಒಂದ್ ಮಣ್ಣಿಗೆ ಓಗ್ಬೇಕು."

"ಯಾರು ಹೋದ್ರು ದೊಡ್ಡವ್ವ?"

"ಬಾ, ಏಳ್ತೀನಿ."

ತೋಟದ ಬೇಲಿಯ ಹತ್ತಿರ ಒಂದು ಗುಂಡಿ ತೋಡಿದ್ದಳು. ಅಂಬಲಿಯ ಮಡಕೆ ಕೂರುವಷ್ಟು, ಅಷ್ಟೇ. ಪಕ್ಕದಲ್ಲಿ ಉಪ್ಪು, ವಿಭೂತಿ, ಬಿಲ್ಪತ್ರೆ. ಸಾಲುಗಳ ನಡುವೆ ಕತ್ತಲು ಇಳಿಯುತ್ತಿತ್ತು. ಅವಳು ರವಿಕೆ ಬಿಚ್ಚಿ ನೆಲದ ಮೇಲೆ ಬೋರಲು ಮಲಗಿ, ಬಲ ಮೊಲೆಯನ್ನು ಆ ಗುಂಡಿಯೊಳಗೆ ಇಳಿಸಿದಳು. ಕೆನ್ನೆ ಮಣ್ಣಿಗೆ ಒತ್ತಿ ನನ್ನ ಕಡೆ ನೋಡಿದಳು.

"ಹಾಕು."

"ಏನ್ ಹಾಕ್ಲಿ?"

"ಮಣ್ಣು. ಮೊದ್ಲು ಉಪ್ಪು."

ಓಡಿಹೋಗಬೇಕು ಎನ್ನಿಸಿತು. ಉಪ್ಪು ಹಾಕಿದೆ, ವಿಭೂತಿ ಹಾಕಿದೆ, ಪತ್ರೆ ಹಾಕಿದೆ, ಆಮೇಲೆ ಸುತ್ತಲಿಂದ ಮಣ್ಣು ತುಂಬಿದೆ. ಅಂಗೈಯಲ್ಲಿ ಅದುಮಿದಾಗ ಮಣ್ಣಿನ ಒಳಗಿಂದ ಮಿಡಿತ ಸಿಕ್ಕಿತು. ಅವಳದೇ ಎದೆಬಡಿತ, ಗೊತ್ತು. ಆದರೂ ನೆಲವೇ ಮಿಡಿಯುತ್ತಿದೆ ಎನಿಸಿ ಕೈ ತೆಗೆದೆ. ಅವಳು ಮಣ್ಣಿಗೆ ಬಾಯಿಟ್ಟು ಮೆಲ್ಲಗೆ, ಬಸ್ಸು ಹತ್ತಿಸಿದವರಿಗೆ ಹೇಳುವ ಹಾಗೆ ಹೇಳಿದಳು: "ಓಗಿರು. ನಾನು ಆಮ್ಯಾಕೆ ಬತ್ತೀನಿ."

ಎದ್ದಾಗ ಮೈಗೆ ಮೆತ್ತಿದ ಮಣ್ಣನ್ನು ಕೊಡವಲಿಲ್ಲ. ಗುಂಡಿ ಮುಚ್ಚಿ ಮೇಲೊಂದು ಕಲ್ಲಿಟ್ಟಳು. "ಆಯ್ತು. ಮಣ್ಣು ತನ್ದ ತಕಂತು, ಮಿಕ್ಕಿದ್ದ ಆಸ್ಪತ್ರೆಯೋರು ಏನಾರ ಮಾಡ್ಕಳ್ಳಿ" ಎಂದಳು. ಮಣ್ಣಿಗೆ ಹೋದವರು ಸ್ನಾನ ಮಾಡದೆ ಮನೆಯೊಳಗೆ ಬರುವಂತಿಲ್ಲವಲ್ಲ, ನನ್ನನ್ನೂ ಹಿತ್ತಲಲ್ಲೇ ತಲೆಗೆ ಹುಯ್ದುಕೊಳ್ಳಲು ಹೇಳಿದಳು. ಅವ್ವ ಬಂದು, "ಯಾರ್ ಮಣ್ಗೆ ಓಗಿದ್ದೆ?" ಎಂದಳು. "ದೊಡ್ಡವ್ವಂದು" ಎಂದು ಬಾಯಿಗೆ ಬಂದುಬಿಟ್ಟಿತು. ಗೋಡೆಯಾಚೆ ದೊಡ್ಡವ್ವ ನೀರು ಹುಯ್ದುಕೊಳ್ಳುವ ಸದ್ದು ಕೇಳುತ್ತಿತ್ತು. ಅವ್ವ ಆ ಸದ್ದು ಕೇಳಿಸಿಕೊಂಡು ನನ್ನ ಮುಖವನ್ನೇ ನೋಡುತ್ತಾ ನಿಂತಳು.

ಮರುದಿನವೇ ದೊಡ್ಡವ್ವ ಮೈಸೂರಿಗೆ ಹೊರಟಳು. ಆಪರೇಷನ್ ಆಯಿತು. ಔಷಧಿ ಹತ್ತಿಸಿಕೊಂಡಳು, ಕೂದಲು ಹೋಯಿತು, ಗುಂಗುರಾಗಿ ಮತ್ತೆ ಬಂತು. ಗಾಯ ಮಾಗಿದ ಮೇಲೆ ಒಂದು ಸಂಜೆ, "ಬಲಗಡೆ ನವೆ ಕಣವ್ವ" ಎಂದಳು. ಅಲ್ಲಿ ಕೆರೆದುಕೊಳ್ಳಲು ಏನೂ ಇರಲಿಲ್ಲ. ನಾನು ವಿವರಿಸಿದೆ: ಅಂಗ ಹೋದರೂ ಅದರ ನರ ಮಿದುಳಿಗೆ ಸುದ್ದಿ ಕಳಿಸುತ್ತಲೇ ಇರುತ್ತದೆ, ಡಾಕ್ಟರೂ ಅದನ್ನೇ ಹೇಳಿದ್ದಾರೆ, ಹೆದರಬೇಡ. ಅವಳು ಎಲೆಗೆ ಸುಣ್ಣ ಸವರುತ್ತಾ ಪೂರ್ತಿ ಕೇಳಿಸಿಕೊಂಡಳು.

"ಸರಿ ಕಣವ್ವ. ಇರುವೆ ನೋಡ್ಕಂಡ್ ಬಾ."

ಅವಳ ಬಾಯಿ ಮುಚ್ಚಿಸಲೆಂದೇ ತೋಟಕ್ಕೆ ಹೋದೆ. ಕಲ್ಲಿನ ಸುತ್ತ ಕೆಂಪಿರುವೆ ಎದ್ದು ಹರಿಯುತ್ತಿದ್ದವು. ಅರಿಶಿನದ ನೀರು ಚಿಮುಕಿಸಿ ಓಡಿಸಿದೆ. ವಾಪಸು ಬಂದರೆ ನಾನು ಬಾಯಿ ತೆರೆಯುವ ಮೊದಲೇ, "ಓದ್ವು, ನವೆ ನಿಂತೋಯ್ತು" ಎಂದಳು.

ಗೊಬ್ಬರ ಹಾಕಿದ ತೋಟದಲ್ಲಿ ಇರುವೆ ಇರದೆ ಆನೆ ಇರುತ್ತದೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಆಮೇಲೆ ಅವಳಿಗೆ ನವೆ ಇಲ್ಲದ ದಿನಗಳಲ್ಲೂ ಕದ್ದು ಹೋಗಿ ನೋಡಿದ್ದೇನೆ. ಇರುವೆ ಇರುತ್ತಿರಲಿಲ್ಲ. ಈಗ ನಾನು ಯಳಂದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಇದನ್ನು ಮಕ್ಕಳಿಗೆ ಹೇಳಿಲ್ಲ.

ದೊಡ್ಡವ್ವ ಗುಣವಾದ ಸುದ್ದಿ ಹೇಗೋ ಹರಡಿತು. ಹನೂರಿನ ಕಡೆಯಿಂದ, ಶಾಗ್ಯದಿಂದ ಹೆಂಗಸರು ಹಿಪ್ಪುನೇರಳೆ ಕಡ್ಡಿ ಕೇಳುವ ನೆಪದಲ್ಲಿ ಬರತೊಡಗಿದರು. ಸೆರಗಿನ ಒಳಗೆ ಕೈ ಇಟ್ಟುಕೊಂಡೇ ನಿಲ್ಲುತ್ತಿದ್ದರು. ದೊಡ್ಡವ್ವ ಅವರನ್ನು ಮನೆಯಲ್ಲಿ ಕೂರಿಸದೆ ತೋಟಕ್ಕೆ, ಆ ಕಲ್ಲಿನ ಹತ್ತಿರಕ್ಕೇ ಕರೆದೊಯ್ಯುತ್ತಿದ್ದಳು. ಡಾಕ್ಟರ ಮುಂದೆ ಬಾಯಿ ಬಿಡದವರು ಅಲ್ಲಿ ಬಿಡುತ್ತಿದ್ದರು. ಅಂಟುತ್ತದಾ ಎಂದರೆ, "ನಮ್ಮೋನ್ನ ನೋಡು, ನನ್ ತಟ್ಟೇಲೇ ಉಣ್ತಾನೆ, ಗುಂಡ್ಕಲ್ಲಂಗವ್ನೆ" ಎನ್ನುವಳು. ಎಲ್ಲ ಗಂಟೂ ಅದೇನಾ ಎಂದರೆ, "ಅಲ್ಲ. ಯಾವ್ದು ಏನು ಅಂತ ಏಳೋಳು ನಾನಲ್ಲ. ತೋರಿಸ್ಕ ಓಗು, ನಾಳೀಕೆ ಅನ್ಬ್ಯಾಡ." ಸತ್ತುಹೋಗ್ತೀನಾ ಅಕ್ಕ ಎಂದು ಒಬ್ಬಳು ಅತ್ತಾಗ ಕಲ್ಲು ತೋರಿಸಿದಳು. "ಅಲ್ನೋಡು. ನನ್ ಮಣ್ಣಾಗಿ ಎಷ್ಟೋ ಕಾಲಾಯ್ತು. ನಿಂತ್ಕಂಡು ಮಾತಾಡ್ತಾ ಇದೀನಲ್ಲ."

ಆಮೇಲೆ ನನ್ನ ಸರದಿ ಬಂತು. ಬಚ್ಚಲಿನಲ್ಲಿ, ಎಡಗಡೆ, ಅದೇ ಅವರೆಕಾಳು. ಅಂದೇ ಗೋಡೆಯಾಚೆ ಹೋದೆ. ಎಲ್ಲ ಉತ್ತರ ಗೊತ್ತಿದ್ದ ನಾನು ಅವಳ ಬೆರಳು ಹಿಡಿದು ಎಡ ಮೊಲೆಯ ಮೇಲೆ ಇಟ್ಟೆ. ದೊಡ್ಡವ್ವ ಒತ್ತಿ ನೋಡಿ, ಕೈ ತೆಗೆದು ನನ್ನ ತಲೆ ಸವರಿದಳು. "ನಾಳೆ ಮೊದ್ಲೇ ಬಸ್ಸಿಗೇ ಮೈಸೂರು" ಎಂದಳು. ಪರೀಕ್ಷೆಯೆಲ್ಲ ಮುಗಿದು, ತೆಗೆಯಬೇಕು ಎಂದು ಡಾಕ್ಟರು ಹೇಳಿ, ದಿನ ಗೊತ್ತಾದ ಮೇಲೆ ಅವಳು ಗುದ್ದಲಿ ತೆಗೆದುಕೊಂಡು ಬಂದು ಬಾಗಿಲಲ್ಲಿ ನಿಂತಳು. ನಾನು ಬೇಡ ಎನ್ನಲಿಲ್ಲ.

ಅವಳ ಕಲ್ಲಿನ ಪಕ್ಕದಲ್ಲೇ ತೋಡಿದಳು. ಬೋರಲು ಮಲಗಿದಾಗ ಮಣ್ಣು ಮೊದಲು ಕೊರೆಯಿತು, ಆಮೇಲೆ ಬೆಚ್ಚಗಾಯಿತು. ಅವಳು ನನ್ನ ಮೇಲೆ ಬಗ್ಗಿ ಮಣ್ಣು ಸುರಿಯುವಾಗ ಕಿವಿಯ ಹತ್ತಿರವೇ ಗಿಲಗಿಲ ಎನ್ನುತ್ತಿತ್ತು. "ಓಗಿರು ಅಂತ ಏಳು" ಎಂದಳು. ನಾನು ಹಿಡಿಮಣ್ಣು ಹಿಸುಕುತ್ತಾ ಮಲಗಿದ್ದೆ. ಕೊನೆಗೆ ನನ್ನ ಪರವಾಗಿ ಅವಳೇ ಮಣ್ಣಿಗೆ ಹೇಳಿದಳು: "ಓಗಿರವ್ವ. ಇವ್ಳು ಬಲು ನಿಧಾನ್ವಾಗಿ ಬತ್ತಾಳೆ. ಕಾಯಬ್ಯಾಡ." ನಾನು ಮಣ್ಣಿಗೆ ಮುಖ ಒತ್ತಿ ಅತ್ತೆ. ಅಷ್ಟು ನೆಮ್ಮದಿಯಾಗಿ ಮತ್ತೆಲ್ಲೂ ಅತ್ತಿಲ್ಲ.

ನನ್ನ ಗುಂಡಿಯ ಮೇಲೂ ಅವಳೊಂದು ಕಲ್ಲಿಟ್ಟಳು. ಆಪರೇಷನ್ ಆಗಿ ಗುಣವಾಗಿ ಬಂದ ಮೇಲೆ ನನಗೂ ನವೆ ಶುರುವಾಯಿತು. ನಾನು ಮಾತ್ರ ನರ, ಮಿದುಳು ಎಂದು ಪಾಠ ಒಪ್ಪಿಸಿಕೊಳ್ಳುತ್ತಾ ಮಲಗಿರುತ್ತಿದ್ದೆ. ಗೋಡೆಯಾಚೆ ಅವಳು ಚಪ್ಪಲಿ ಮೆಟ್ಟಿ ತೋಟಕ್ಕೆ ಹೋಗುವ ಸದ್ದು ಕೇಳುತ್ತಿತ್ತು. ನವೆ ಎಂದು ನಾನು ಹೇಳಿರುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ನವೆ ನಿಲ್ಲುತ್ತಿತ್ತು. "ಓದ್ವಾ?" ಎಂದು ಗೋಡೆಯಾಚೆಯಿಂದ ಕೇಳುತ್ತಿದ್ದಳು.

ಈ ವರ್ಷ ಗೂಡು ಬಿಡಿಸುವ ಕಾಲದಲ್ಲಿ ಅವಳು ಹೋದಳು. ಆ ಕಾಯಿಲೆಯಲ್ಲ, ಅದು ಮತ್ತೆ ಅವಳ ಹತ್ತಿರ ಸುಳಿಯಲಿಲ್ಲ. ಮಧ್ಯಾಹ್ನ ಹುಳಮನೆಯ ಗೋಡೆಗೆ ಒರಗಿದವಳು ಹಾಗೇ ಇದ್ದಳು, ಎದೆ ನಿಂತಿತ್ತು. ಮೈ ತೊಳೆಯುವಾಗ ಹೆಂಗಸರು ಗೂಡಿನ ಚೀಲವನ್ನು ಏನು ಮಾಡುವುದೆಂದು ನನ್ನ ಮುಖ ನೋಡಿದರು. ತೆಗೆದು ನನ್ನ ಮಡಿಲಲ್ಲಿ ಇಟ್ಟುಕೊಂಡೆ. ಅವಳದು ಅವಳಿಗೆ ಸಿಗುವಾಗ ಅದ್ಯಾಕೆ?

ಅವಳ ಕಲ್ಲಿನ ಪಕ್ಕದಲ್ಲೇ ಗುಂಡಿ ತೋಡಿದರು. ಆ ಮೂಲೆಯ ಮಣ್ಣು ಮಾತ್ರ ಬೆಚ್ಚಗಿದೆ ಎಂದು ತೋಡುವವನೊಬ್ಬ ಕೈ ಒರೆಸಿಕೊಂಡ. ಬಿಸಿಲಿಗೆ ಕಾದಿರಬೇಕು ಎಂದೆ. ಅಂದು ಬೆಳಗಿನಿಂದ ಮೋಡ ಮುಚ್ಚಿತ್ತು. ಅವಳನ್ನು ಇಳಿಸುವಾಗ ದೊಡ್ಡಪ್ಪ, ಜೀವಮಾನದಲ್ಲಿ ಮಾತೇ ಆಡದವನು, ಗಟ್ಟಿಯಾಗಿ ಹೇಳಿದ: "ಬಲಗಡೆ ನೋಡ್ಕಂಡು ಕೂರ್ಸ್ರಪ್ಪಾ. ಅವ್ಳದು ಅಲ್ಲೇ ಅದೆ." ಅವನಿಗೆ ಎಲ್ಲ ಗೊತ್ತಿತ್ತು ಎಂದು ನನಗೆ ಗೊತ್ತಾದದ್ದೇ ಆಗ. ನಾನು ಉಪ್ಪು ಹಾಕಿದೆ, ಮಣ್ಣು ಹಾಕಿದೆ.

ಅಂದಿನಿಂದ ನನಗೆ ನವೆ ಇಲ್ಲ. ನರ ಒಗ್ಗಿಕೊಂಡಿರಬೇಕು ಎನ್ನುತ್ತಾರೆ ಡಾಕ್ಟರು, ನಾನೂ ತಲೆಯಾಡಿಸುತ್ತೇನೆ. ಸಂಜೆ ಶಾಲೆಯಿಂದ ಬಂದವಳು ತೋಟಕ್ಕೆ ಹೋಗಿ ನೋಡುತ್ತೇನೆ. ಬೇಲಿಯುದ್ದಕ್ಕೂ ಇರುವೆ ಹರಿಯುತ್ತಿರುತ್ತವೆ, ನನ್ನ ಕಲ್ಲಿನ ಹತ್ತಿರ ಒಂದೂ ಇರುವುದಿಲ್ಲ. ದೊಡ್ಡವ್ವ ಪಕ್ಕದಲ್ಲೇ ಕೂತಿದ್ದಾಳೆ. ನೋಡ್ಕಂಡ್ ಬಾ ಎಂದು ಈಗ ಯಾರೂ ಯಾರಿಗೂ ಹೇಳಬೇಕಾಗಿಲ್ಲ.